ಬಿಳಿ ಬಿಟ್ಟ ಹದಿನಾರು ವಾರ

ನಮ್ಮ ಶಾಲೆಯ ಪ್ರಯೋಗಾಲಯ ಎರಡನೇ ಮಹಡಿಯಲ್ಲಿದೆ. ಇಪ್ಪತ್ನಾಲ್ಕು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ಅವುಗಳ ಬಗ್ಗೆ ಎಂದೂ ಯೋಚಿಸಿರಲಿಲ್ಲ. ಒಂದು ವರ್ಷ ದೀಪಾವಳಿ ರಜೆ ಮುಗಿಸಿ ಹೋದ ಮೊದಲ ವಾರವೇ ಬಲಗಾಲಿನ ಮೊಣಕಾಲು ಒಂದೊಂದು ಮೆಟ್ಟಿಲಿಗೂ ಕಟಕ್ ಎನ್ನತೊಡಗಿತು. ನನಗೊಬ್ಬಳಿಗೇ ಕೇಳಿಸುತ್ತಿದೆ ಅಂದುಕೊಂಡಿದ್ದೆ. ಗುರುವಾರ ನನ್ನ ಹಿಂದೆ ಬರುತ್ತಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಅಕ್ಕಾರ, ನಿಮ್ಮ ಕಾಲಾಗ ಏನೋ ಮುರದಂಗ ಸಪ್ಪಳ ಆತ್ರಿ," ಎಂದಳು. ಶನಿವಾರ ಮಧ್ಯಾಹ್ನ ಹುಬ್ಬಳ್ಳಿಗೆ ಹೋಗಿ ಎಲುಬಿನ ಡಾಕ್ಟರ ಮುಂದೆ ಕೂತೆ.

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಲುಬಿಗೆ ಏನೂ ಆಗಿಲ್ರಿ. ಅದರ ಮ್ಯಾಲಿನ ಭಾರ ಜಾಸ್ತಿ ಆಗೇತಿ."

ತೂಕದ ಯಂತ್ರ ಎಂಬತ್ತೊಂದು ತೋರಿಸಿತು. ಚಪ್ಪಲಿ ಬಿಟ್ಟು, ಕೈಚೀಲ ಕೆಳಗಿಟ್ಟು, ಕನ್ನಡಕವನ್ನೂ ತೆಗೆದು ಇನ್ನೊಮ್ಮೆ ನಿಂತೆ. ಎಂಬತ್ತೊಂದೇ.

"ಊಟಕ್ಕ ಏನೇನು ಇರ್ತೈತ್ರಿ?"

ಹೇಳಿದೆ. ಮುಂಜಾನೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ರೊಟ್ಟಿ, ಪಲ್ಯ, ಮೇಲೊಂದಿಷ್ಟು ಮೊಸರನ್ನ. ಸಂಜೆ ಚಹಾದ ಜೊತೆ ಚುರುಮುರಿ. ರಾತ್ರಿ ಮತ್ತೆ ರೊಟ್ಟಿ, ಮತ್ತೆ ಅನ್ನ. ಇವುಗಳ ನಡುವೆ ಸಹೋದ್ಯೋಗಿಗಳ ಹುಟ್ಟುಹಬ್ಬ, ಮಗುವಿನ ಹೆಸರಿಡುವುದು, ಬಡ್ತಿ, ವರ್ಗಾವಣೆ, ವರ್ಗಾವಣೆ ರದ್ದಾಗಿದ್ದು, ಎಲ್ಲಕ್ಕೂ ಪೇಡಾ.

"ಸಾಲ್ಯಾಗ ಏನ್ ಕಲಸ್ತೀರಿ?"

"ವಿಜ್ಞಾನ್ರಿ."

"ಹಂಗಾರ ಪಿಷ್ಟದ ಪಾಠ ನಾ ನಿಮಗ ಮಾಡೂದು ಬ್ಯಾಡ," ಎಂದು ಅವರು ಚೀಟಿಯ ಮೇಲೆ ನಾಲ್ಕು ಸಾಲು ಬರೆದರು. ಅನ್ನ ಬಂದ್. ಸಕ್ಕರೆ ಬಂದ್. ರೊಟ್ಟಿ ಒಂದು. ದಿನಾ ನಡಿಗೆ.

ಪಿಷ್ಟದ ಪಾಠ ನನಗೆ ಬಾಯಿಪಾಠ. ಪ್ರತಿ ವರ್ಷ ಆಲೂಗಡ್ಡೆಯ ಹೋಳಿನ ಮೇಲೆ ಅಯೋಡಿನ್ ಹನಿ ಹಾಕಿ, ಅದು ಕಪ್ಪುನೀಲಿಯಾಗುವುದನ್ನು ಮಕ್ಕಳಿಗೆ ತೋರಿಸುತ್ತೇನೆ. ಬೇಡದ ಪಿಷ್ಟ ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಪ್ರಯೋಗಕ್ಕೆ ಎರಡು ಆಲೂಗಡ್ಡೆ ಸಾಕಾದರೂ ಒಂದು ಕಿಲೋ ತಂದು, ಉಳಿದದ್ದನ್ನು ಮನೆಗೆ ಒಯ್ದು ಪಲ್ಯ ಮಾಡುತ್ತಿದ್ದವಳೂ ನಾನೇ.

ನಮ್ಮ ಮನೆ ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಉಳಿದವರು ಮೂವರು: ನಾನು, ಹುಬ್ಬಳ್ಳಿಯಲ್ಲಿ ಕಾಳುಕಡಿಯ ಅಂಗಡಿ ನಡೆಸುವ ನನ್ನ ಗಂಡ, ಎಪ್ಪತ್ತಾರು ವರ್ಷದ ಅತ್ತೆ. ಅತ್ತೆ ಬಿದಿರುಕಡ್ಡಿಯಂತೆ ಇದ್ದರು. ಮೂರು ಹೊತ್ತೂ ಅನ್ನ ಉಂಡು, ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡರೂ ಅವರ ಕೈಬಳೆ ಮೊಣಕೈತನಕ ಜಾರುತ್ತಿತ್ತು. ದೇವರು ತೂಕ ಹಂಚುವಾಗ ನಮ್ಮ ಮನೆಯಲ್ಲಿ ಲೆಕ್ಕ ತಪ್ಪಿದ್ದ.

ಆ ಸಂಜೆ ಗಂಡನಿಗೆ ವಿಷಯ ಹೇಳಿದೆ.

"ಡಯಟ್ ಅಂದ್ರ ಅದರಾಗ ಏನೇನು ತಿಂತಾರ?" ಎಂದು ಕೇಳಿದರು.

"ತಿನ್ನೂದಲ್ರಿ. ಬಿಡೂದು."

"ಆತು, ಬಿಟ್ಟ ಮ್ಯಾಲೆ ಏನು ತಿಂತಾರ?"

ಮರುದಿನದಿಂದಲೇ ಅವರ ಸಹಕಾರ ಶುರುವಾಯಿತು. ಅಂಗಡಿಯಿಂದ ಬರುವಾಗ ಒಂದು ದಿನ ನವಣೆ, ಒಂದು ದಿನ ಸಾವೆ, ಒಂದು ದಿನ ರಾಗಿ ತಂದರು. ಇವುಗಳಲ್ಲಿ ಪಿಷ್ಟವೇ ಇಲ್ಲವೆಂದು ಒಬ್ಬ ಗಿರಾಕಿ ಹೇಳಿದ್ದನಂತೆ. ಅಂಗಡಿಗೆ ಬರುವ ಗಿರಾಕಿಗಳ ಮಾತನ್ನು ಅವರು ನನ್ನ ಪಠ್ಯಪುಸ್ತಕಕ್ಕಿಂತ ಹೆಚ್ಚು ನಂಬುತ್ತಾರೆ. ನಾನು ಒಂದೊಂದನ್ನೂ ಪ್ರಯೋಗಾಲಯಕ್ಕೆ ಒಯ್ದು ಅಯೋಡಿನ್ ಹಾಕಿದೆ. ಒಂದೂ ಬಿಡದೆ ಕಪ್ಪುನೀಲಿಯಾದವು. ಆದರೂ ಮನೆಗೆ ಬಂದು ನವಣೆ ಅನ್ನವನ್ನು, ಇದು ಅನ್ನವಲ್ಲ ಎಂಬ ಧೈರ್ಯದಲ್ಲಿ, ಅನ್ನದ ಎರಡರಷ್ಟು ಉಂಡೆ.

ತೊಂದರೆ ಇದ್ದದ್ದು ಸಂಜೆ ನಾಲ್ಕೂವರೆಗೆ. ಶಾಲೆ ಬಿಟ್ಟು ಧಾರವಾಡದಿಂದ ಬಸ್ಸಿನಲ್ಲಿ ಬರುವ ಹೊತ್ತು. ಹೊಟ್ಟೆಯ ಹಸಿವಾದರೆ ಸೌತೆಕಾಯಿಗೂ ಒಪ್ಪುತ್ತದೆ. ಇದು ಒಪ್ಪುತ್ತಿರಲಿಲ್ಲ. ಇದಕ್ಕೆ ಹೆಸರು ಹಿಡಿದೇ ಬೇಕು: ಬಿಸಿ ಅನ್ನ, ಮೇಲೆ ಶೇಂಗಾ ಚಟ್ನಿ ಪುಡಿ, ಅದರ ಮೇಲೆ ಹಸಿ ಎಣ್ಣೆ. ಕಿಟಕಿಯ ಹೊರಗೆ ಏನೇ ಸರಿದರೂ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಮೂರೇ. ಮೂರು ದಿನ ತಡೆದೆ. ನಾಲ್ಕನೆಯ ದಿನ ಬೆಳಿಗ್ಗೆ ಸೋತೆ.

ಹಿಂದಿನ ದಿನ ಉಳಿದ ಅನ್ನವನ್ನು ಬೆಳಿಗ್ಗೆ ಓಣಿಗೆ ಬರುವ ಆಕಳಿಗೆ ಹಾಕುವುದು ನಮ್ಮಲ್ಲಿ ರೂಢಿ. ಅಂದು ಪಾತ್ರೆ ಹಿಡಿದು ಗೇಟಿನ ಬಳಿ ನಿಂತೆ. ಆಕಳು ಬರುವುದು ತಡವಾಯಿತು. ತಂಗಳನ್ನಕ್ಕೆ ಅತ್ತೆ ಸ್ವಲ್ಪ ಮಜ್ಜಿಗೆ, ಉಪ್ಪು ಹಾಕಿಟ್ಟಿದ್ದರು. ಆಕಳಿಗೂ ರುಚಿ ಬೇಡವೇ ಎಂಬುದು ಅವರ ವಾದ. ನಾನು ಒಂದು ತುತ್ತು ತಿಂದು ನೋಡಿದೆ. ಆಮೇಲೆ ಪಾತ್ರೆ ಖಾಲಿಯಾಗಿದ್ದು ಕಂಡಿತು. ತೊಳೆದಿಡಲು ಒಳಗೆ ಬರುವಾಗ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ ಅತ್ತೆ ತಲೆ ಎತ್ತಿದರು.

"ಆಕಳ ಬಂದಿತ್ತೇನವಾ?"

"ಬಂದಿತ್ರಿ ಅತ್ತಿ."

"ಎಲ್ಲಾ ತಿಂತೇನು?"

"ತಿಂತ್ರಿ."

"ಗಲ್ಲಕ್ಕ ಅಗಳ ಹತ್ತೇತಿ, ಒರಸ್ಕೋ."

ಅಷ್ಟೇ ಹೇಳಿ ಅವರು ಮತ್ತೆ ಬತ್ತಿ ಹೊಸೆಯತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ಭಾನುವಾರ ಧಾರವಾಡದ ಮಾಳಮಡ್ಡಿಯಲ್ಲಿ ಸಂಬಂಧಿಕರೊಬ್ಬರ ಮನೆಯ ಗೃಹಪ್ರವೇಶ. ಅತ್ತೆಯೂ ನಾನೂ ಹೋದೆವು. ಪಂಕ್ತಿಯಲ್ಲಿ ಕೂತ ಮೇಲೆ ಮನೆಯ ಯಜಮಾನಿ ಸ್ವತಃ ಹೋಳಿಗೆಯ ತಾಟು ಹಿಡಿದು ಬಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಬ್ಯಾಡ್ರಿ, ಡಯಟ್ ಮಾಡಾಕತ್ತೇನಿ. ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಏನು ನೋಡಾಕ ಬರ್ತಾರೇನ್ರಿ? ಒಂದ ಹೋಳಗಿಗೆ ಏನಾಗತೈತಿ?"

"ಮೊಣಕಾಲು ನೋವ್ರಿ."

"ಮೊಣಕಾಲಿಗೂ ಹೋಳಗಿಗೂ ಏನ್ ಸಂಬಂಧ ಅಕ್ಕಾರ? ಇವತ್ತ ಶುಭದಿನ. ಡಯಟ್ ಪಯಟ್ ಎಲ್ಲಾ ನಾಳಿಂದ."

ನಮ್ಮ ಅವಳಿ ಊರಿನಲ್ಲಿ ಶುಭದಿನವಲ್ಲದ ದಿನವನ್ನು ನಾನು ಇನ್ನೂ ಕಂಡಿಲ್ಲ. ಅಕ್ಕಪಕ್ಕದ ಹೆಂಗಸರೂ ದನಿಗೂಡಿಸಿದರು. ಒಬ್ಬರು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಹೋಳಿಗೆ ಎಲೆಯ ಮೇಲೆ ಇಳಿಯುವುದರಲ್ಲಿತ್ತು. ಆಗ ಅತ್ತೆ, ತಮ್ಮ ಎಲೆಯಿಂದ ಕಣ್ಣೆತ್ತದೆ, "ಅಕಿಗೆ ವ್ರತಾ ಐತ್ರಿ," ಎಂದರು.

ತಾಟು ಅಲ್ಲೇ ನಿಂತಿತು. ಮಣಿಕಟ್ಟು ಹಿಡಿದಿದ್ದವರು ಬೆಂಕಿ ಮುಟ್ಟಿದವರಂತೆ ಕೈ ಬಿಟ್ಟರು.

"ಅಯ್ಯ ಶಿವನ, ಮೊದಲ ಹೇಳಬಾರದೇನ್ರಿ. ಎಷ್ಟ ವಾರದ್ದು?"

"ಹದಿನಾರು. ಸೋಮವಾರ ಅಷ್ಟ ಅಲ್ಲ, ಹದಿನಾರೂ ವಾರ ಪೂರ್ತಿ. ಅನ್ನ, ಸಿಹಿ ಮುಟ್ಟಂಗಿಲ್ಲ."

"ಯಾವ ವ್ರತಾರಿ ಇದು?"

"ಬಾಯಿ ಬಿಟ್ಟ ಹೇಳಬಾರದು. ಹೇಳಿದ್ರ ಫಲ ಇಲ್ಲ."

ಯಜಮಾನಿ ತಾಟನ್ನು ಒಳಗೆ ಕಳಿಸಿ, ತಾವೇ ಹೋಗಿ ನನಗೆ ಕೋಸಂಬರಿ, ಮೊಳಕೆಕಾಳಿನ ಉಸುಳಿ ತಂದು ಬಡಿಸಿದರು. ಹೊರಡುವಾಗ ಇಬ್ಬರು ಹೆಂಗಸರು ನನ್ನ ಕಾಲು ಮುಟ್ಟಲು ಬಂದರು. ಅವರಲ್ಲೊಬ್ಬರು ನನಗಿಂತ ಹಿರಿಯರು.

ದಾರಿಯಲ್ಲಿ ಕೇಳಿದೆ. "ಅತ್ತಿ, ಸುಳ್ಳ ಯಾಕ ಹೇಳಿದ್ರಿ?"

"ಸುಳ್ಳ ಎಲ್ಲಿ ಹೇಳೇನಿ? ನೀ ಅನ್ನ ಬಿಡಾಕಿ ಹೌದೋ ಅಲ್ಲೋ?"

"ಹೌದ್ರಿ."

"ಬಿಡು ಮತ್ತ. ಹದಿನಾರು ವಾರ ಬಿಡು. ವ್ರತಾ ಖರೇ ಆಗತೈತಿ."

ಸೋಮವಾರದ ಹೊತ್ತಿಗೆ ಸುದ್ದಿ ನಮ್ಮ ಓಣಿಗೆ ಬಂದಿತ್ತು. ಡಾಕ್ಟರ ಚೀಟಿಗೆ ಯಾರೂ ಕೊಡದ ಮರ್ಯಾದೆ ವ್ರತಕ್ಕೆ ಸಿಕ್ಕಿತು. ಶಾಲೆಯಲ್ಲಿ ಪೇಡಾದ ಡಬ್ಬಿ ನನ್ನ ಮೇಜನ್ನು ಸುತ್ತಿ ಬಳಸಿ ಹೋಯಿತು. ಗಂಡ ಕಾಳಿನ ಪೊಟ್ಟಣ ತರುವುದನ್ನು ನಿಲ್ಲಿಸಿದರು. ಎದುರುಮನೆಯ ವೈನಿ ಮಾತ್ರ ನನ್ನ ಮೇಲೆ ಕರುಣೆ ತೋರಿದರು. ನನ್ನದೇ ವಯಸ್ಸಿನವರು, ಗಂಡ ಮತ್ತು ಇಬ್ಬರು ಬೆಳೆದ ಗಂಡುಮಕ್ಕಳಿಗೆ ಹೊತ್ತುಹೊತ್ತಿಗೆ ಬಡಿಸುವುದರಲ್ಲಿ ದಿನ ಕಳೆಯುವವರು. ಸಂಜೆ ನಾನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಮುಚ್ಚಿದ ತಟ್ಟೆ ಹಿಡಿದು ಬಂದರು.

"ಸಾಬುದಾಣಿ ಖಿಚಡಿ ಅಕ್ಕಾರ. ಉಪವಾಸದ್ದು, ನಡೀತೈತಿ."

ಸಾಬುದಾಣಿ ಎಂದರೆ ಪಿಷ್ಟ, ಪಿಷ್ಟವಲ್ಲದೆ ಬೇರೇನೂ ಅಲ್ಲ. ಅದರಲ್ಲಿ ಆಲೂಗಡ್ಡೆ ಬೇರೆ ಇತ್ತು. ಇದನ್ನೆಲ್ಲ ಬಲ್ಲ ವಿಜ್ಞಾನದ ಶಿಕ್ಷಕಿ ಮೂರು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿ ತೊಳೆದು ಕೊಟ್ಟಳು. ಮರುದಿನ ಬಾಳೆಹಣ್ಣಿನ ಸೀಕರಣೆ ಬಂತು. ಅದರ ಮರುದಿನ ಆಲೂಗಡ್ಡೆಯ ಹಪ್ಪಳ. ಎರಡನೇ ವಾರದ ಕೊನೆಗೆ ನಾನು ಎಂಬತ್ತೆರಡು ಕಿಲೋ ಇದ್ದೆ. ವ್ರತದಿಂದ ಒಂದು ಕಿಲೋ ಹೆಚ್ಚಾಗಿತ್ತು.

ಈ ಲೆಕ್ಕವನ್ನು ಅತ್ತೆಯ ಮುಂದಿಟ್ಟೆ. ಅವರು ಚೀಟಿಯನ್ನೇನೂ ಕೇಳಲಿಲ್ಲ, ಪಿಷ್ಟ ಎಂಬ ಶಬ್ದವನ್ನೂ ಕೇಳಲಿಲ್ಲ. "ಏನೇನು ತಿಂದಿ, ಹೇಳು," ಎಂದರು. ಹೇಳಿದೆ.

"ಎಲ್ಲಾ ಬಿಳೀನ ಅದಾವಲ್ಲ," ಎಂದರು.

ಆ ಸಂಜೆ ವೈನಿ ಬಂದಾಗ ಅತ್ತೆ ಬಾಗಿಲಲ್ಲೇ ಹೊಸ ನಿಯಮ ಹೇಳಿದರು. ಈ ವ್ರತದಲ್ಲಿ ಬಿಳಿ ಬಣ್ಣದ್ದು ಯಾವುದೂ ನಡೆಯುವುದಿಲ್ಲ. ಅಕ್ಕಿ, ಅವಲಕ್ಕಿ, ಚುರುಮುರಿ, ರವೆ, ಮೈದಾ, ಸಾಬುದಾಣಿ, ಆಲೂಗಡ್ಡೆ, ಸಕ್ಕರೆ.

"ಹಾಲು ಮೊಸರು?"

"ದೇವರ ಅಭಿಷೇಕಕ್ಕ ನಡೀತಾವಲ್ಲ, ನಡೀತಾವ."

"ಮತ್ತ ಜ್ವಾಳದ ರೊಟ್ಟಿ? ಅದೂ ಬಿಳೀನ."

ರೊಟ್ಟಿ ಬಿಡಿಸುವ ದೇವರು ನಮ್ಮ ಕಡೆ ಬಾಳುವುದಿಲ್ಲ ಎಂಬುದು ಅತ್ತೆಗೆ ಗೊತ್ತಿತ್ತು. "ಜ್ವಾಳಕ್ಕ ಮಾಫಿ ಐತಿ. ಒಂದ ರೊಟ್ಟಿಗೆ ಅಷ್ಟ."

ಎರಡು ದಿನದ ಮೇಲೆ ವೈನಿ ಪೇಡಾ ತಂದರು. ಪೇಡಾ ಕಂದು ಬಣ್ಣದ್ದು, ಆದ್ದರಿಂದ ಸಿಹಿಯಾದರೂ ನಡೆಯುತ್ತದೆ ಎಂದು ಅವರ ಲೆಕ್ಕ. ಅತ್ತೆ ಒಂದು ಪೇಡಾ ಎತ್ತಿಕೊಂಡು, ಹೆಬ್ಬೆರಳಿನಿಂದ ಒರೆಸಿ, ಬೆರಳಿಗೆ ಹತ್ತಿದ ಸಕ್ಕರೆ ಪುಡಿಯನ್ನು ವೈನಿಯ ಮುಖದ ಮುಂದೆ ಹಿಡಿದರು. ವೈನಿ ತಲೆಬಾಗಿದರು. ಒರೆಸಿದ ಪೇಡಾವನ್ನು ಅತ್ತೆ ತಾವೇ ಬಾಯಿಗೆ ಹಾಕಿಕೊಂಡರು.

ಇದಾದ ಮೇಲೆ ನನ್ನ ತೂಕ ನಿಜವಾಗಿ ಇಳಿಯತೊಡಗಿತು. ನಾಲ್ಕೂವರೆಯ ಬಯಕೆ ಹೋಗಲಿಲ್ಲ. ಅದಕ್ಕೆ ಮೊದಲೇ ಏನಾದರೂ ಕೊಟ್ಟರೆ ಅದರ ಜೋರು ಕಡಿಮೆ ಎಂಬುದನ್ನು ಕಂಡುಕೊಂಡೆ. ಶಾಲೆ ಬಿಡುವ ಹೊತ್ತಿಗೆ ಡಬ್ಬಿಯಿಂದ ಒಂದು ಮುಷ್ಟಿ ಹುರಿದ ಶೇಂಗಾ, ಒಂದು ಸೌತೆಕಾಯಿ ತಿಂದು ಬಸ್ಸು ಹತ್ತುತ್ತಿದ್ದೆ. ಹತ್ತು ನಿಮಿಷ ಕಚ್ಚಿ ಹಿಡಿದರೆ ಅದು ತಾನಾಗಿ ಇಳಿಯುತ್ತಿತ್ತು. ಕೆಲವು ದಿನ ಇಳಿಯುತ್ತಿರಲಿಲ್ಲ. ಸಂಕ್ರಮಣದ ಮರುದಿನ ಇಡೀ ಶಾಲೆಯ ಮಕ್ಕಳು ಬಂದು ಕೈಗೆ ಕುಸುರೆಳ್ಳು ಹಾಕಿ ನಮಸ್ಕಾರ ಮಾಡಿದರು. ಸಕ್ಕರೆಯ ಪಾಕ ಹೊದ್ದ ಎಳ್ಳು, ಬೆಳ್ಳಗೆ ಮಲ್ಲಿಗೆ ಮೊಗ್ಗಿನಂತೆ. ತಿನ್ನಬಾರದೆಂದು ಎಲ್ಲವನ್ನೂ ಕೈಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಕೈಚೀಲದೊಳಗೆ ಕೈಯಿಟ್ಟು ಟಿಕೆಟ್ ಹುಡುಕಿದೆ. ನವನಗರ ಬರುವವರೆಗೂ ಹುಡುಕುತ್ತಲೇ ಇದ್ದೆ.

ಅಷ್ಟರಲ್ಲಿ ವೈನಿಯೂ ವ್ರತ ಹಿಡಿದಿದ್ದರು. ಅವರ ಹಿಂದೆ ಓಣಿಯ ಮತ್ತಿಬ್ಬರು, ಆಮೇಲೆ ಹಿಂದಿನ ಓಣಿಯವರು. ಅತ್ತೆ ಅವರಿಗೆಲ್ಲ ಸೋಮವಾರ ಸಂಜೆ ಬಡಾವಣೆಯ ಈಶ್ವರ ಗುಡಿಗೆ ಇಪ್ಪತ್ತೊಂದು ಸುತ್ತು ಹಾಕಲು ಹೇಳಿದರು. ಗುಡಿಯ ಸುತ್ತ ಉದ್ಯಾನವೂ ಸೇರಿ ಸುತ್ತು ದೊಡ್ಡದು. ಡಾಕ್ಟರ ಚೀಟಿಯ ನಾಲ್ಕನೇ ಸಾಲು ಹೀಗೆ ಜಾರಿಗೆ ಬಂತು. ಹೆಂಗಸರು ಬಂದು ನನ್ನನ್ನು ಕೇಳುತ್ತಿದ್ದರು: ಶ್ಯಾವಿಗೆ ಬಿಳಿಯೋ? ಉಡಿ ತುಂಬುವಾಗ ಅಕ್ಕಿ ಮುಟ್ಟಬಹುದೋ? ಬ್ರೆಡ್ಡಿನ ಅಂಚು ಕಂದು ಇರುತ್ತದಲ್ಲ, ಅಂಚಷ್ಟೇ ತಿಂದರೆ?

ಮೂಢನಂಬಿಕೆಯ ವಿರುದ್ಧ ಪ್ರತಿ ವರ್ಷ ವಿಜ್ಞಾನ ದಿನದಂದು ಭಾಷಣ ಮಾಡುವವಳು ನಾನು. ಆ ವರ್ಷವೂ ಮುಖ್ಯೋಪಾಧ್ಯಾಯರು ನನ್ನನ್ನೇ ಕರೆದರು. ಭಾಷಣದ ಮೊದಲು, ಅವರ ಮನೆಯವರೂ ನನ್ನ ವ್ರತ ಮಾಡಬೇಕೆಂದಿದ್ದಾರೆ, ವಿಧಾನ ಬರೆದು ಕೊಡಿ ಎಂದು ಮೆಲ್ಲಗೆ ಕೇಳಿದರು. ವೇದಿಕೆಯ ಮೇಲೆ ನನ್ನ ದನಿ ಎಂದಿನಷ್ಟು ಏರಲಿಲ್ಲ.

ಮನಸ್ಸು ತಡೆಯದೆ ಒಂದು ಸೋಮವಾರ ಸುತ್ತು ಹಾಕುವಾಗ ವೈನಿಗೆ ನಿಜ ಹೇಳಲು ಹೊರಟೆ. "ವೈನಿ, ಈ ವ್ರತಾ ಅನ್ನೂದು ಖರೇ ಅಂದ್ರ…"

"ಬಾಯಿ ಬಿಟ್ಟ ಹೇಳಬಾರದ್ರಿ ಅಕ್ಕಾರ," ಎಂದು ಅವರು ಹೆಜ್ಜೆ ಬೇಗ ಹಾಕಿದರು. "ಸುಮ್ನ ನಡೀರಿ. ಹನ್ನೊಂದ ಆದುವು, ಇನ್ನ ಹತ್ತ ಅದಾವ."

ಹದಿನೈದನೇ ವಾರ ಉದ್ಯಾಪನೆಯ ಮಾತು ಬಂತು. ವ್ರತ ಎಂದ ಮೇಲೆ ಮುಗಿಸುವ ವಿಧಿ ಇರಲೇಬೇಕು, ಮುತ್ತೈದೆಯರಿಗೆ ಉಡಿ ತುಂಬಬೇಕು. ತಡವಾಗಿ ಹಿಡಿದವರದ್ದೂ ನನ್ನ ಜೊತೆಗೇ ಮುಗಿಯಬಹುದೆಂದು ಅತ್ತೆ ವಿನಾಯಿತಿ ಕೊಟ್ಟರು. ಕುಬಸದ ಬಟ್ಟೆ ತರಲು ನಾನು ಒಂದು ಸಂಜೆ ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಹೋದೆ. ಬಟ್ಟೆ ಕೊಂಡು ಹೊರಬಂದಾಗ ಬಂಡಿಗಳ ಸಾಲಿನಲ್ಲಿ ಎಣ್ಣೆಗೆ ಮಿರ್ಚಿ ಭಜಿ ಬೀಳುತ್ತಿತ್ತು. ಪಕ್ಕದ ಬಂಡಿಯವನು ದೊಡ್ಡ ಬೋಗುಣಿಯಲ್ಲಿ ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆಹುಳಿ, ಪುಟಾಣಿ ಹಿಟ್ಟು ಕಲಸಿ ಗಿರಮಿಟ್ ಮಾಡುತ್ತಿದ್ದ. ಅಂದು ಶಾಲೆಯಲ್ಲಿ ಶೇಂಗಾ ತಿನ್ನುವುದು ಮರೆತಿತ್ತು. ನನ್ನ ಸಮರ್ಥನೆ ಅಷ್ಟೇ. ಒಂದು ತಟ್ಟೆ ಗಿರಮಿಟ್, ಎರಡು ಮಿರ್ಚಿ ತೆಗೆದುಕೊಂಡು ಬಂಡಿಯ ಹಿಂಬದಿಗೆ, ಯಾರಿಗೂ ಕಾಣದ ಕಡೆ ಹೋದೆ.

ಅಲ್ಲಿ ಆಗಲೇ ಒಬ್ಬರು ಗೋಡೆಗೆ ಮುಖ ಮಾಡಿ ನಿಂತು ತಿನ್ನುತ್ತಿದ್ದರು. ಸೀರೆಯ ಸೆರಗು ಪರಿಚಯದ್ದು ಅನಿಸುವಷ್ಟರಲ್ಲಿ ಅವರು ತಿರುಗಿದರು. ಎದುರುಮನೆಯ ವೈನಿ.

ನಾನು ಅವರ ತಟ್ಟೆ ನೋಡಿದೆ, ಅವರು ನನ್ನದನ್ನು ನೋಡಿದರು. ಅವರದರಲ್ಲಿ ಗಿರಮಿಟ್ ಜೊತೆ ಮೂರು ಮಿರ್ಚಿ ಇದ್ದವು.

"ಇದು ಬಿಳಿ ಅಲ್ರಿ ಅಕ್ಕಾರ," ಎಂದರು ಬಾಯಲ್ಲಿದ್ದದ್ದನ್ನು ನುಂಗಿ. "ಅರಿಷಿಣ ಹಾಕ್ಯಾರ."

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಖಾರ ನೆತ್ತಿಗೇರಿ ಕೆಮ್ಮಿದರು. ನಾನು ಅವರ ಬೆನ್ನು ತಟ್ಟುತ್ತ, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಅನಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಡಾಕ್ಟರ ಚೀಟಿ, ಮಾಳಮಡ್ಡಿಯ ಹೋಳಿಗೆ, ಅತ್ತೆಯ ಒಂದು ಮಾತು.

"ಗೊತ್ತೈತ್ರಿ," ಎಂದರು ವೈನಿ.

"ಯಾವಾಗಿಂದ?"

"ಸಾಬುದಾಣಿ ಬಿಡಿಸಿದ್ದ ದಿನಾನ ತಿಳೀತು. ಸಾಬುದಾಣಿ ಬ್ಯಾಡ ಅನ್ನೂ ವ್ರತಾ ಎಲ್ಲರೆ ಐತೇನ್ರಿ?"

"ಮತ್ತ ನೀವ್ಯಾಕ ಹಿಡದ್ರಿ?"

ಅವರು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟರು. "ನೋಡ್ರಿ, ನಾ ಊಟಾ ಕಡಿಮಿ ಮಾಡತೇನಿ ಅಂದ್ರ ನಮ್ಮ ಮನ್ಯಾಗ ನಗತಾರ. ನಡ್ಯಾಕ ಹೊಕ್ಕೇನಿ ಅಂದ್ರ, ಚಾ ಮಾಡಿಟ್ಟ ಹೋಗು ಅಂತಾರ. ವ್ರತಾ ಅಂದಮ್ಯಾಲೆ ಯಾರೂ ಏನೂ ಅನ್ನಂಗಿಲ್ಲ. ಸೋಮವಾರ ಒಂದ ತಾಸು ಹೊರಗ ಬೀಳತೇನಿ, ಎಲ್ಲಿಗಿ ಅಂತ ಸೈತ ಕೇಳಂಗಿಲ್ಲ. ತಾವ ಚಾ ಮಾಡ್ಕೊಂಡ ಕುಡೀತಾರ. ಇಪ್ಪತ್ತಾರು ವರ್ಷದಾಗ ಹಿಂಗ ಎಂದೂ ಆಗಿದ್ದಿಲ್ರಿ ಅಕ್ಕಾರ."

ಉಳಿದವರ ಬಗ್ಗೆ ಕೇಳಿದೆ. ಹಿಂದಿನ ಓಣಿಯವರು ಮಾತ್ರ ನಿಜವಾಗಿಯೂ ನಂಬಿದ್ದಾರೆ, ಉಳಿದವರದ್ದು ತಮ್ಮಂತೆಯೇ ಎಂದರು ವೈನಿ. ಇಬ್ಬರೂ ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಬಸ್ಸಿಳಿಯುವಾಗ ವೈನಿ ನನ್ನ ಸೆರಗಿಗೆ ಹತ್ತಿದ್ದ ಒಂದು ಚುರುಮುರಿ ತೆಗೆದೆಸೆದರು.

ಉದ್ಯಾಪನೆಯ ದಿನ ನಮ್ಮ ಮನೆಗೆ ಹನ್ನೊಂದು ಹೆಂಗಸರು ಬಂದರು. ಅಯ್ಯನವರು ಬಂದು ಪೂಜೆ ಮಾಡಿಸಿದರು. ಇದು ಯಾವ ವ್ರತ ಎಂದು ಅವರೂ ಕೇಳಿದರು. ಬಾಯಿ ಬಿಟ್ಟು ಹೇಳಬಾರದು ಎಂದು ಅತ್ತೆ ಅವರಿಗೂ ಹೇಳಿದರು. ಅವರು ತಲೆಯಾಡಿಸಿ, ಇಂಥ ವ್ರತಗಳು ಈಗ ಅಪರೂಪ ಎಂದರು. ಆಮೇಲೆ ಊಟ. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಬೆಳ್ಳಗೆ ಹೊಗೆಯಾಡುವ ಅನ್ನ. ಹದಿನಾರು ವಾರದಲ್ಲಿ ಏಳು ಕಿಲೋ ಇಳಿಸಿದ್ದ ನಾನು ಅಂದು ಮೂರು ಹೋಳಿಗೆ ತಿಂದೆ. ಮೂರನೆಯದಕ್ಕೆ ಯಾರೂ ಒತ್ತಾಯ ಮಾಡಿರಲಿಲ್ಲ. ಅನ್ನದ ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಸಾರು ಖಾರವಾಗಿದೆ ಎಂದು ಸೆರಗಿನಿಂದ ಒರೆಸಿಕೊಂಡೆ. ಎದುರಿಗೆ ಕೂತಿದ್ದ ವೈನಿಯ ಕಣ್ಣೂ ಅಷ್ಟೇ ಖಾರವಾಗಿತ್ತು.

ಮುಂದಿನ ವಾರ ಡಾಕ್ಟರಿಗೆ ತೋರಿಸಲು ಹೋದಾಗ ಅತ್ತೆಯೂ ಜೊತೆಗೆ ಬಂದರು. ತಮ್ಮ ವ್ರತಕ್ಕೆ ಡಾಕ್ಟರ್ ಏನು ಹೇಳುತ್ತಾರೆ ಎಂದು ಕೇಳುವ ಆಸೆ ಅವರಿಗೆ. ಆಸ್ಪತ್ರೆಯ ಬಾಗಿಲಲ್ಲಿ ನರ್ಸೊಬ್ಬಳು ಮೇಜು ಹಾಕಿಕೊಂಡು ಬಂದವರ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು.

"ಎಲ್ಲಾರದೂ ನೋಡಾಕತ್ತಾಳ, ನಂದೂ ನೋಡ್ಲಿ," ಎಂದು ಅತ್ತೆ ಬೆರಳು ಚಾಚಿದರು.

ನರ್ಸು ಯಂತ್ರ ನೋಡಿ, ಮತ್ತೊಂದು ಬೆರಳು ಚುಚ್ಚಿದಳು. ಎರಡನೆಯ ಸಲವೂ ಮುನ್ನೂರರ ಹತ್ತಿರವೇ ಬಂತು.

"ನಾ ಕಡ್ಡಿ ಇದ್ದಂಗ ಅದೇನಿ. ನನಗೆಲ್ಲಿ ಸಕ್ಕರಿ?" ಎಂದರು ಅತ್ತೆ. ಸ್ವಲ್ಪ ದಿನದಿಂದ ಅವರು ಇನ್ನಷ್ಟು ಸೊರಗಿದ್ದನ್ನು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದದ್ದನ್ನು ನಾನು ಆಗ ನೆನಪಿಸಿಕೊಂಡೆ. ನನ್ನ ತೂಕ ನೋಡುವುದರಲ್ಲಿ ಮನೆಯಲ್ಲಿ ಯಾರೂ ಅವರನ್ನು ನೋಡಿರಲಿಲ್ಲ. ರಕ್ತದ ಪರೀಕ್ಷೆಯಾಯಿತು, ಮಾತ್ರೆ ಬಂದವು, ಜೊತೆಗೆ ಚೀಟಿಯೂ ಬಂತು. ಅನ್ನ ಬಂದ್. ಸಕ್ಕರೆ ಬಂದ್.

ಮನೆಗೆ ಬಂದು ಅವರ ಮುಂದೆ ಒಂದು ರೊಟ್ಟಿ, ಮೆಂತ್ಯದ ಪಲ್ಯ, ಉಸುಳಿ ಇಟ್ಟೆ. "ಅನ್ನ ಎಲ್ಲೈತಿ?" ಎಂದರು.

"ಅತ್ತಿ, ಹದಿನಾರು ವಾರ ವ್ರತಾ ಅಂತ ತಿಳ್ಕೋರಿ."

"ನನ್ನ ವಯಸ್ಸಿನಾಕಿಗೆ ವ್ರತಾ ಇಲ್ಲ."

ಮೊದಲ ಎರಡು ವಾರ ನಮ್ಮ ಮನೆ ಪೊಲೀಸ್ ಚೌಕಿಯಾಯಿತು. ಬೆಲ್ಲದ ಡಬ್ಬಿಯನ್ನು ನಾನು ಮೇಲಿನ ಹಲಗೆಗೆ ಏರಿಸಿದೆ. ಒಂದು ದಿನ ಇರುವೆಗಳ ಸಾಲು ಅತ್ತೆಯ ಹಾಸಿಗೆಯ ಕಡೆ ಹೊರಟಿದ್ದು ಕಂಡು ಹಿಂಬಾಲಿಸಿದರೆ, ಅದು ಮಂಡಿಗೆ ಹಚ್ಚುವ ಮುಲಾಮಿನ ಖಾಲಿ ಡಬ್ಬಿಯಲ್ಲಿ ಮುಗಿಯಿತು. ಒಳಗೆ ನಿಂಬೆಗಾತ್ರದ ಬೆಲ್ಲದ ಚೂರು. ನನಗೆ ಸಿಟ್ಟು ಬಂತು. ಬಾಯಿಗೆ ಬಂದದ್ದು ಅಂದೆ. ಈ ವಯಸ್ಸಿನಲ್ಲಿ ನಾಲಿಗೆ ಇಷ್ಟು ಬೇಕೇ ಎಂದೂ ಅಂದೆ.

ಅತ್ತೆ ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತರು. "ಎಪ್ಪತ್ತು ವರ್ಷ ತಿಂದ ಕೈ ಐತವಾ ಇದು," ಎಂದರು. "ನಾ ಬ್ಯಾಡ ಅಂದ್ರೂ ಅದು ತಾನ ಹೊಕ್ಕೈತಿ. ಏನ ಮಾಡ್ಲಿ?"

ಇಪ್ಪತ್ನಾಲ್ಕು ವರ್ಷ ಹಲಗೆಯ ಮೇಲೆ ಬರೆದ ಯಾವ ವಾಕ್ಯದಲ್ಲೂ ಬಯಕೆ ಎಂದರೇನೆಂದು ನಾನು ಇಷ್ಟು ಸರಿಯಾಗಿ ಹೇಳಿರಲಿಲ್ಲ. ಅಂದ ಮಾತಿಗೆ ನಾಚಿಕೆಯಾಯಿತು. ಸೋಮವಾರ ಫೋನು ಮಾಡಿ ಡಾಕ್ಟರನ್ನು ಕೇಳಿದೆ. ಮಾತ್ರೆ ತಪ್ಪದೆ ತೆಗೆದುಕೊಂಡರೆ, ಮೊದಲು ಪಲ್ಯ, ಕಾಳು ತಿಂದು, ವಾರಕ್ಕೊಮ್ಮೆ ಚಿಕ್ಕ ಬಟ್ಟಲು ಅನ್ನಕ್ಕೆ ಅಡ್ಡಿಯಿಲ್ಲ ಎಂದರು. ನನಗೂ ಅಷ್ಟೇ ಸಾಕೆಂದರು, ಕೇಳದಿದ್ದರೂ.

ಈಗ ನನ್ನ ತೂಕ ಎಪ್ಪತ್ತಾರರ ಸುತ್ತಮುತ್ತ ಇದೆ. ಹಬ್ಬಗಳು ಒಂದರ ಹಿಂದೆ ಒಂದು ಬಂದರೆ ಎಪ್ಪತ್ತೆಂಟು. ಅತ್ತೆಯ ಸಕ್ಕರೆ ಮುನ್ನೂರರಿಂದ ಇಳಿದಿದೆ, ಪೂರ್ತಿ ಇಳಿದಿಲ್ಲ. ವೈನಿ ಉದ್ಯಾಪನೆ ಮುಗಿದ ಮರುವಾರವೇ ಎರಡನೇ ಸಲ ವ್ರತ ಹಿಡಿದರು. ಈ ಸಲ ನಲವತ್ತೆಂಟು ವಾರದ್ದಂತೆ, ವಾರಕ್ಕೆ ಎರಡು ದಿನ ಸುತ್ತು.

ಭಾನುವಾರ ಮಧ್ಯಾಹ್ನ ಒಂದು ಬಟ್ಟಲು ಅಕ್ಕಿ ಬೇಯಿಸುತ್ತೇನೆ. ಗಂಡನ ಪಾಲು ತೆಗೆದಿಟ್ಟು, ಉಳಿದದ್ದನ್ನು ಎರಡು ತಾಟಿಗೆ ಸಮ ಮಾಡಿ ಹಾಕಿ, ಮೇಲೆ ಚಟ್ನಿ ಪುಡಿ ಉದುರಿಸುತ್ತೇನೆ. ಕಳೆದ ವಾರ ಅತ್ತೆ ತಮ್ಮ ತಾಟನ್ನು ಎಳೆದುಕೊಳ್ಳದೆ ಎರಡನ್ನೂ ಬಹಳ ಹೊತ್ತು ನೋಡಿದರು.

"ನಿನ್ನ ಅರ್ಧ ನನ್ನ ಅರ್ಧಕ್ಕಿಂತ ದೊಡ್ಡದೈತಿ," ಎಂದರು.

ನೋಡಿದೆ. ಹೌದು, ದೊಡ್ಡದಿತ್ತು. ತಾಟು ಅದಲುಬದಲು ಮಾಡಿದೆ. ಇಬ್ಬರೂ ಊಟಕ್ಕೆ ಕೂತೆವು.